ಕಂಠಪಾಠದಿಂದ ವಿವೇಚನೆಯ ಕಡೆಗೆ: ವೈದ್ಯ ಮತ್ತು ಶುಶ್ರೂಷಾ ಪರೀಕ್ಷೆಗಳ ಇತಿಹಾಸದಿಂದ



ಪರೀಕ್ಷೆ ಎಂದೊಡನೆ ನಿಮ್ಮ ಕಣ್ಣೆದುರು ಬರುವುದು ಮೂರು ಗಂಟೆಯ ಪ್ರಶ್ನೆಪತ್ರಿಕೆ, ಹಳೆಯ ಪ್ರಶ್ನೆಗಳ ಪುಸ್ತಕ, ಹಿಂದಿನ ರಾತ್ರಿಯ ಕಂಠಪಾಠ. ನರ್ಸಿಂಗ್, ಫಾರ್ಮಸಿ, ವೈದ್ಯಕೀಯ ಓದುವ ನಮ್ಮ ಮಕ್ಕಳು ಬಾಯಿಪಾಠದಲ್ಲಿ ಯಾರಿಗೂ ಕಡಿಮೆಯಲ್ಲ. ಆದರೆ ನಾಳೆ ಒಂದು ಜೀವ ಯಾರ ಕೈಯಲ್ಲಿರುತ್ತದೋ ಅವರಲ್ಲಿ ಅಳೆಯಬೇಕಾದದ್ದು ನೆನಪಿನ ಶಕ್ತಿಯನ್ನೋ, ಯೋಚಿಸುವ ರೀತಿಯನ್ನೋ? ಇಂದು ‘ವಿಮರ್ಶಾತ್ಮಕ ಚಿಂತನೆ’ ಎಂದು ಕರೆಯುವ ಈ ವಿಷಯದ ಚರಿತ್ರೆ ನೀವು ಎಣಿಸಿದ್ದಕ್ಕಿಂತ ಹಳೆಯದು.

ಕ್ರಿ.ಶ. 931ರಲ್ಲಿ, ಅಂದರೆ ಹಿಜರಿ 319ರಲ್ಲಿ, ವೈದ್ಯನೊಬ್ಬನ ತಪ್ಪಿನಿಂದ ಬಗ್ದಾದಿನಲ್ಲಿ ಒಬ್ಬಾತ ಸತ್ತ ಸುದ್ದಿ ಖಲೀಫಾ ಅಲ್ ಮುಕ್ತದಿರನ ಕಿವಿಗೆ ಬಿತ್ತು. ಹಿರಿಯ ವೈದ್ಯ ಸಿನಾನ್ ಇಬ್ನ್ ಸಾಬಿತ್ ಪರೀಕ್ಷಿಸಿ ಒಪ್ಪಿದ ಹೊರತು ಯಾರೂ ಚಿಕಿತ್ಸೆ ಮಾಡಕೂಡದು ಎಂದು ಆತ ಆಜ್ಞೆ ಹೊರಡಿಸಿದ. ಎಂಟುನೂರ ಅರುವತ್ತಕ್ಕೂ ಹೆಚ್ಚು ಮಂದಿ ಪರೀಕ್ಷೆಗೆ ಬಂದರೆಂದು ಚರಿತ್ರಕಾರರು ಬರೆದಿದ್ದಾರೆ. ಹೆಸರಾಂತ ವೈದ್ಯರಿಗೂ ಆಸ್ಥಾನದ ವೈದ್ಯರಿಗೂ ವಿನಾಯಿತಿ ಇತ್ತು. (ವಿನಾಯಿತಿ ಎಂಬುದು ಆ ಕಾಲದಲ್ಲೂ ಇತ್ತು ನೋಡಿ!)

ಇಬ್ನುಲ್ ಕಿಫ್ತಿ ಈ ಪರೀಕ್ಷೆಯ ಒಂದು ಪ್ರಸಂಗವನ್ನು ದಾಖಲಿಸಿದ್ದಾನೆ. ಒಳ್ಳೆಯ ಉಡುಪಿನ, ಗಂಭೀರ ಮುಖದ ವೃದ್ಧನೊಬ್ಬ ಬಂದ. ಸಿನಾನ್ ಆತನನ್ನು ಗೌರವದಿಂದ ಕೂರಿಸಿ, ತಮ್ಮಿಂದ ಏನಾದರೂ ಕೇಳಿ ತಿಳಿಯಬೇಕೆಂದಿದ್ದೇನೆ, ತಮ್ಮ ಗುರುಗಳು ಯಾರು ಎಂದು ವಿಚಾರಿಸಿದ. ಮುದುಕ ಕಾಗದದಲ್ಲಿ ಸುತ್ತಿದ ದೀನಾರುಗಳನ್ನು ಮುಂದಿಟ್ಟು, ತನಗೆ ಓದು ಬರಹ ಸರಿಯಾಗಿ ಬಾರದು, ಮನೆಯಲ್ಲಿ ಹೆಂಡತಿ ಮಕ್ಕಳಿದ್ದಾರೆ, ಹೊಟ್ಟೆಯ ಮೇಲೆ ಹೊಡೆಯಬೇಡಿ ಎಂದು ಬೇಡಿಕೊಂಡ. ಸಿನಾನ್ ನಕ್ಕುಬಿಟ್ಟ. ಗೊತ್ತಿಲ್ಲದ ಮದ್ದನ್ನು ರೋಗಿಗೆ ಕೊಡಬಾರದು, ಸಣ್ಣಪುಟ್ಟ ಕಾಯಿಲೆಗಳ ಹೊರತು ರಕ್ತ ತೆಗೆಯುವುದಾಗಲಿ ಭೇದಿಗೆ ಕೊಡುವುದಾಗಲಿ ಕೂಡದು ಎಂಬ ಷರತ್ತು ಹಾಕಿದ. ಜೇನು ಮತ್ತು ವಿನೆಗರಿನ ಪಾನಕ, ಗುಲಾಬಿ ಶರಬತ್ತು, ಇವನ್ನು ದಾಟಿ ತಾನು ಎಂದೂ ಹೋದವನೇ ಅಲ್ಲ ಎಂದ ಮುದುಕ! ಮರುದಿನ ಚುರುಕಾದ ತರುಣನೊಬ್ಬ ಬಂದ. ಗುರು ಯಾರೆಂದರೆ, ನಿನ್ನೆ ಬಂದಿದ್ದ ಆ ಹಿರಿಯರೇ, ನನ್ನ ತಂದೆ ಎಂದ. ತಂದೆಯ ದಾರಿಯನ್ನು ಮೀರಬೇಡ ಎಂದಷ್ಟೇ ಹೇಳಿ ಸಿನಾನ್ ಅವನನ್ನೂ ಕಳುಹಿಸಿದ.

ಇದನ್ನು ಮೊದಲು ಓದಿದಾಗ ನನಗೆ ಇದು ಪರೀಕ್ಷೆಯ ಅಣಕವೆಂದೇ ತೋರಿತ್ತು. ಈಗ ಹಾಗೆ ಅನಿಸುವುದಿಲ್ಲ. ಆ ವೃದ್ಧನಿಗೆ ಗ್ರಂಥ ಗೊತ್ತಿರಲಿಲ್ಲ, ಆದರೆ ತನಗೆ ಏನು ಗೊತ್ತಿಲ್ಲ ಎಂಬುದು ಗೊತ್ತಿತ್ತು. ಗ್ರಂಥವೆಲ್ಲ ಬಾಯಿಗೆ ಬಂದು ಈ ಒಂದು ತಿಳಿವಳಿಕೆ ಇಲ್ಲದವನು ಹೆಚ್ಚು ಅಪಾಯಕಾರಿ. ಅದೇ ಕಾಲಕ್ಕೆ ಸ್ವಲ್ಪ ಹಿಂದಿನ ಅರ್ ರಾಝಿ, ಗುರುವಿನ ಸ್ಥಾನದಲ್ಲಿದ್ದ ಗ್ಯಾಲೆನ್ನನ ಮಾತುಗಳನ್ನೇ ಸಂಶಯಿಸಿ ಗ್ರಂಥ ಬರೆದವನು. ಮಿದುಳಿನ ಉರಿಯೂತದ ಲಕ್ಷಣ ಕಂಡಾಗ ಒಂದು ಗುಂಪಿನ ರೋಗಿಗಳಿಗೆ ರಕ್ತ ತೆಗೆದು, ಇನ್ನೊಂದು ಗುಂಪಿಗೆ ಬೇಕೆಂದೇ ತೆಗೆಯದೆ ಹೋಲಿಸಿ ನೋಡಿದ್ದಾಗಿ ಆತನ ಟಿಪ್ಪಣಿಗಳಲ್ಲಿದೆ.

ಇನ್ನು ಶುಶ್ರೂಷೆಯ ವಿಷಯಕ್ಕೆ ಬರೋಣ. 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ದಾದಿಯರ ತರಬೇತಿ ಶಾಲೆ ತೆರೆಯಲು ಕಾರಣಳಾದ ಫ್ಲಾರೆನ್ಸ್ ನೈಟಿಂಗೇಲಳನ್ನು ನಾವು ದೀಪ ಹಿಡಿದ ಕರುಣಾಮಯಿಯಾಗಿ ಮಾತ್ರ ನೆನೆಯುತ್ತೇವೆ. ಆಕೆಯ ಶುಶ್ರೂಷಾ ಟಿಪ್ಪಣಿಗಳ ಪುಸ್ತಕದಲ್ಲಿ ರೋಗಿಯನ್ನು ಗಮನಿಸುವ ಬಗೆಗೇ ಒಂದು ಅಧ್ಯಾಯವಿದೆ. ರಾತ್ರಿ ಚೆನ್ನಾಗಿ ಕಳೆಯಿತೇ ಎಂಬ ಪ್ರಶ್ನೆ ನಿರರ್ಥಕ ಎನ್ನುತ್ತಾಳೆ ಆಕೆ. ಒಬ್ಬನಿಗೆ ಹತ್ತು ಗಂಟೆ ಎಡೆಬಿಡದೆ ನಿದ್ದೆ ಬರದಿದ್ದರೆ ಅದು ಕೆಟ್ಟ ರಾತ್ರಿ. ಇನ್ನೊಬ್ಬನಿಗೆ ಆಗಾಗ ಮಂಪರು ಹತ್ತಿದರೂ ಸಾಕು. ಐದು ಹಗಲು ಐದು ರಾತ್ರಿ ಕಣ್ಣು ಮುಚ್ಚದೆ, ಅದರಿಂದಲೇ ಸತ್ತ ರೋಗಿಯ ಬಗ್ಗೆಯೂ, ರಾತ್ರಿ ನಡುವೆ ಎಚ್ಚರಗೊಂಡ ಇನ್ನೊಬ್ಬ ರೋಗಿಯ ಬಗ್ಗೆಯೂ ಒಂದೇ ಉತ್ತರ ಬಂದಿತ್ತಂತೆ. ಎಷ್ಟು ಗಂಟೆ ನಿದ್ದೆ, ಯಾವ ಹೊತ್ತಿನಲ್ಲಿ ಎಂದು ಕೇಳಬೇಕೆಂಬುದು ಅವಳ ಪಾಠ. ಚಾರ್ಟಿನಲ್ಲಿ ಕಾಲಂ ತುಂಬುವುದು ಬೇರೆ, ರೋಗಿಯನ್ನು ತಿಳಿಯುವುದು ಬೇರೆ.

ಇಂಥದ್ದನ್ನು ಕಲಿಸಬಹುದು, ಅಳೆಯುವುದು ಹೇಗೆ? ಸಿನಾನನ ಪರೀಕ್ಷೆಯಲ್ಲಿ ಎಲ್ಲವೂ ಒಬ್ಬ ಪರೀಕ್ಷಕನ ಮನಸ್ಸನ್ನು ಅವಲಂಬಿಸಿತ್ತು. ಸಾವಿರ ವರ್ಷದ ನಂತರವೂ ವೈದ್ಯಕೀಯ ವಿದ್ಯಾರ್ಥಿಯ ಹಣೆಬರಹ ಸಿಕ್ಕಿದ ರೋಗಿ, ಸಿಕ್ಕಿದ ಪರೀಕ್ಷಕನ ಮೇಲೆಯೇ ನಿಂತಿತ್ತು. 1975ರಲ್ಲಿ ಸ್ಕಾಟ್ಲೆಂಡಿನ ಡಂಡಿಯಲ್ಲಿ ರೊನಾಲ್ಡ್ ಹಾರ್ಡನ್ ಮತ್ತು ಸಂಗಡಿಗರು ಇದಕ್ಕೊಂದು ದಾರಿ ತೋರಿಸಿದರು. ವಿದ್ಯಾರ್ಥಿ ಹಲವು ಮೇಜುಗಳ ಬಳಿ ಕೆಲವೇ ನಿಮಿಷಗಳಂತೆ ಸರದಿಯಲ್ಲಿ ಹೋಗಬೇಕು, ಪ್ರತಿಯೊಂದರಲ್ಲೂ ಬೇರೆ ಕೆಲಸ, ಎಲ್ಲರಿಗೂ ಒಂದೇ ಅಳತೆ. ನೀವು ‘ಆಸ್ಕಿ’ ಎಂದು ಕರೆಯುವ ಪರೀಕ್ಷೆ ಇದೇ.

ಅನ್ಯಾಯ ಕಡಿಮೆಯಾಯಿತು, ನಿಜ. ಆದರೆ ಪಟ್ಟಿ ನೋಡಿ ಟಿಕ್ ಹಾಕುವ ಹೊಸ ಕಂಠಪಾಠವೂ ಹುಟ್ಟಿಕೊಂಡಿತು. 1999ರಲ್ಲಿ ಬ್ರಯನ್ ಹಾಜಸ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನವೊಂದರಲ್ಲಿ ವಿದ್ಯಾರ್ಥಿಗಳು, ತರಬೇತಿಯ ವೈದ್ಯರು, ಅನುಭವಿ ವೈದ್ಯರು ಮೂವರನ್ನೂ ಇಂಥ ಪರೀಕ್ಷೆಗೆ ಕೂರಿಸಲಾಗಿತ್ತು. ಟಿಕ್ ಪಟ್ಟಿಯಲ್ಲಿ ಅನುಭವಿಗಳಿಗೇ ಕಡಿಮೆ ಅಂಕ! ಒಟ್ಟಾರೆ ಕೌಶಲವನ್ನು ನೋಡಿ ಅಂಕ ಕೊಟ್ಟಾಗ ಮಾತ್ರ ಅವರು ಮುಂದೆ ಬಂದರು. ಪಟ್ಟಿಯಲ್ಲಿದ್ದುದನ್ನೆಲ್ಲ ಕೇಳುವವನು ಅಂಕ ಗಳಿಸುತ್ತಾನೆ, ಬೇಕಾದ್ದನ್ನಷ್ಟೇ ಕೇಳಿ ವಿಷಯ ಹಿಡಿಯುವವನು ಕಳೆದುಕೊಳ್ಳುತ್ತಾನೆ. ಅಂಕಪಟ್ಟಿಯನ್ನು ಮಾತ್ರ ನೋಡಿ ಮಕ್ಕಳನ್ನು ಅಳೆಯುವ ನಾವು, ಪಾಲಕರು ಮತ್ತು ಸಂಘದ ಸದಸ್ಯರು, ಈ ಮಾತನ್ನು ಎರಡು ಸಲ ಓದಬೇಕು.

ವಿದೇಶದ ಕನಸಿರುವ ನರ್ಸಿಂಗ್ ವಿದ್ಯಾರ್ಥಿಗಳು ಇನ್ನೊಂದನ್ನು ಗಮನಿಸಿ. ಅಮೆರಿಕದಲ್ಲಿ ನೋಂದಣಿಗೆ ಬೇಕಾದ ಎನ್‌ಕ್ಲೆಕ್ಸ್ ಪರೀಕ್ಷೆ 2023ರ ಏಪ್ರಿಲಿನಿಂದ ರೂಪ ಬದಲಿಸಿದೆ. ಒಬ್ಬ ರೋಗಿಯ ದಾಖಲೆಯನ್ನು ಮುಂದಿಟ್ಟು ಇದರಲ್ಲಿ ಗಮನಿಸಬೇಕಾದ ಸೂಚನೆ ಯಾವುದು, ಅದರ ಅರ್ಥವೇನು, ಮೊದಲು ಯಾವುದಕ್ಕೆ ಕೈಹಾಕುವೆ, ಮಾಡಿದ್ದು ಫಲ ಕೊಟ್ಟಿತೇ ಎಂದು ಹಂತ ಹಂತವಾಗಿ ಕೇಳಲಾಗುತ್ತದೆ. ನಮ್ಮಲ್ಲೂ ಭಾರತೀಯ ನರ್ಸಿಂಗ್ ಪರಿಷತ್ತು 2021ರಲ್ಲಿ ಹೊರಡಿಸಿದ ಬಿ.ಎಸ್ಸಿ. ನರ್ಸಿಂಗ್ ಪಠ್ಯಕ್ರಮ ಸೆಮಿಸ್ಟರ್ ಪದ್ಧತಿಯನ್ನೂ ಆಸ್ಕಿಯನ್ನೂ ತಂದಿದೆ.

ಪಠ್ಯಕ್ರಮ ಬದಲಾದ ಮಾತ್ರಕ್ಕೆ ವಾರ್ಡಿನ ಅಭ್ಯಾಸ ಬದಲಾಗುವುದಿಲ್ಲ. ಮುಂದಿನ ಸಲ ವಾರ್ಡಿಗೆ ಹೋದಾಗ “ರಾತ್ರಿ ನಿದ್ದೆ ಬಂತಾ ಅಜ್ಜಿ?” ಎಂದು ಕೇಳಿ, ಅಜ್ಜಿ ತಲೆಯಾಡಿಸಿದೊಡನೆ ಪಕ್ಕದ ಮಂಚಕ್ಕೆ ಸರಿಯಬೇಡಿ. ಎಷ್ಟು ಹೊತ್ತಿಗೆ ಎಚ್ಚರವಾಯಿತು, ಯಾಕೆ ಎಚ್ಚರವಾಯಿತು, ಆಮೇಲೆ ಕಣ್ಣು ಹತ್ತಿತೇ ಎಂದೂ ಕೇಳಿ, ಅದನ್ನೇ ಬರೆದುಕೊಳ್ಳಿ.