ಪೆನ್ ಡ್ರೈವ್‌ಗೆ ಬೆಚ್ಚಿದ ಸೇನೆ

2008ರಲ್ಲಿ ಪಶ್ಚಿಮ ಏಷ್ಯಾದಲ್ಲಿದ್ದ ಅಮೆರಿಕದ ಒಂದು ಸೇನಾ ನೆಲೆಯಲ್ಲಿ ಯಾರೋ ಲ್ಯಾಪ್‌ಟಾಪ್‌ಗೆ ಪೆನ್ ಡ್ರೈವ್ ಚುಚ್ಚಿದರು. ಅದರಲ್ಲಿ ವೈರಸ್ ಇತ್ತು. ಅದನ್ನು ಪೂರ್ತಿ ತೊಳೆದು ಹಾಕಲು ಸೇನೆಗೆ ಸುಮಾರು 14 ತಿಂಗಳು ಬೇಕಾಯಿತು.

ಅಷ್ಟು ದಿನ ಯಾಕೆ ಅಂತೀರಾ? ಅಲ್ಲಿನ ರಕ್ಷಣಾ ಇಲಾಖೆಯ ಉಪಕಾರ್ಯದರ್ಶಿಯಾಗಿದ್ದ ವಿಲಿಯಂ ಲಿನ್ 2010ರಲ್ಲಿ ಕೊಟ್ಟ ಲೆಕ್ಕ ನೋಡಿ: 15,000 ನೆಟ್‌ವರ್ಕ್, 70 ಲಕ್ಷ ಕಂಪ್ಯೂಟರ್ ಉಪಕರಣ, ಇವನ್ನು ನೋಡಿಕೊಳ್ಳಲೆಂದೇ 90,000ಕ್ಕೂ ಹೆಚ್ಚು ಜನ.

ಗುಟ್ಟಿನ ಕಡತಗಳಿಗೆ ಬೇರೆಯೇ ನೆಟ್‌ವರ್ಕ್ ಇತ್ತು, ಹೊರಗಿನ ಇಂಟರ್ನೆಟ್‌ಗೆ ಅದನ್ನು ಜೋಡಿಸಿರಲಿಲ್ಲ. ಆದರೂ ವೈರಸ್ ಅದರೊಳಕ್ಕೂ ನುಗ್ಗಿತು, ಜನರ ಜೇಬಿನಲ್ಲಿ ಕೂತು! ಆಗಿನ ವಿಂಡೋಸ್‌ನಲ್ಲಿ ಪೆನ್ ಡ್ರೈವ್ ಚುಚ್ಚಿದರೆ ಅದರೊಳಗಿನ ಪ್ರೋಗ್ರಾಂ ತಾನಾಗಿಯೇ ಓಡುವ ಸೌಲಭ್ಯವಿತ್ತು. ಏಜೆಂಟ್ ಡಾಟ್ ಬಿಟಿಝಡ್ ಎಂಬ ಈ ವೈರಸ್ ಅದನ್ನೇ ಬಳಸಿಕೊಂಡಿತು. ಪೆನ್ ಡ್ರೈವ್‌ನಿಂದ ಕಂಪ್ಯೂಟರ್‌ಗೆ, ಅಲ್ಲಿಂದ ಇನ್ನೊಂದು ಪೆನ್ ಡ್ರೈವ್‌ಗೆ. ಟ್ರ್ಯಾಕ್ಟರ್‌ಗೆ ಹಾಡು ತುಂಬಿಸಲು ಮೊಬೈಲ್ ಅಂಗಡಿಗೆ ಪೆನ್ ಡ್ರೈವ್ ಒಯ್ದು ವೈರಸ್ ತಂದುಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ವಿದೇಶಿ ಗೂಢಚಾರ ಸಂಸ್ಥೆಯೊಂದರ ಕೈವಾಡ ಎಂದು ಲಿನ್ ಬರೆದರು, ದೇಶದ ಹೆಸರು ಹೇಳಲಿಲ್ಲ.

2008ರ ನವೆಂಬರ್‌ನಲ್ಲಿ ಸೇನೆ ಪೆನ್ ಡ್ರೈವ್‌ಗಳನ್ನೇ ನಿಷೇಧಿಸಿತು. ಆದೇಶ ಹೊರಡಿಸುವುದೇನೋ ಸುಲಭ. ಇರಾಕ್, ಅಫ್ಘಾನಿಸ್ತಾನದ ದೂರದ ಠಾಣೆಗಳಲ್ಲಿ ನೆಟ್‌ವರ್ಕ್ ತೀರಾ ನಿಧಾನ. ನಕ್ಷೆಯಾಗಲಿ, ಫೋಟೋ ಆಗಲಿ ಒಂದು ಕಂಪ್ಯೂಟರ್‌ನಿಂದ ಇನ್ನೊಂದಕ್ಕೆ ಹೋಗುತ್ತಿದ್ದದ್ದೇ ಪೆನ್ ಡ್ರೈವ್‌ನಲ್ಲಿ. ಸೈನಿಕರದು ಬರೀ ಅಸಡ್ಡೆ ಎಂದು ನಾವಂತೂ ಹೇಳುವುದಿಲ್ಲ, ಅವರ ಕೆಲಸವೇ ಅದರ ಮೇಲೆ ನಿಂತಿತ್ತು. 2010ರ ಫೆಬ್ರುವರಿಯಲ್ಲಿ ಕೆಲವು ಷರತ್ತುಗಳೊಂದಿಗೆ ನಿಷೇಧ ಸಡಿಲವಾಯಿತು. ಅದೇ ವರ್ಷ ಕಂಪ್ಯೂಟರ್ ಜಾಲಗಳ ರಕ್ಷಣೆಗೆಂದು ಸೈಬರ್ ಕಮಾಂಡ್ ಎಂಬ ಹೊಸ ವಿಭಾಗವೂ ಶುರುವಾಯಿತು.

ಆದರೆ ಸಿಡಿಯ ಕಿಂಡಿ ತೆರೆದೇ ಇತ್ತು. ಅದೇ 2010ರ ಆರಂಭದಲ್ಲಿ, ಇರಾಕ್‌ನಲ್ಲಿದ್ದ ಕೆಳದರ್ಜೆಯ ಸೈನಿಕರೊಬ್ಬರು, ಈಗ ಚೆಲ್ಸಿ ಮ್ಯಾನಿಂಗ್ ಎಂದು ಹೆಸರಾದವರು, ಲಕ್ಷಾಂತರ ಗುಟ್ಟಿನ ಕಡತಗಳನ್ನು ಹೊರಗೆ ಸಾಗಿಸಿ ವಿಕಿಲೀಕ್ಸ್‌ಗೆ ಕೊಟ್ಟರು. ಅದಕ್ಕೆ ಬಳಸಿದ್ದು ಪಾಪ್ ಗಾಯಕಿ ಲೇಡಿ ಗಾಗಾ ಹೆಸರು ಬರೆದಿದ್ದ ಸಿಡಿ. ಡಿಸೆಂಬರ್‌ನಲ್ಲಿ ಅಮೆರಿಕದ ವಾಯುಪಡೆ ಮತ್ತೊಂದು ಆದೇಶ ಹೊರಡಿಸಿತು: ಗುಟ್ಟಿನ ನೆಟ್‌ವರ್ಕ್‌ನಲ್ಲಿ ಸಿಡಿ, ಪೆನ್ ಡ್ರೈವ್ ಯಾವುದನ್ನೂ ಬಳಸುವಂತಿಲ್ಲ, ಬಳಸಿದರೆ ಸೇನಾ ನ್ಯಾಯಾಲಯದ ವಿಚಾರಣೆ. ಇದರಿಂದ ಕೆಲಸಕ್ಕೆ ತೊಂದರೆಯಾಗುತ್ತದೆ ಎಂದು ಆ ಆದೇಶವೇ ಒಪ್ಪಿಕೊಂಡಿತ್ತು.