ಮೇಯರ್ ಹೆದರಿದ ಊರಿಗೇ ಕಂಪನಿಗಳು ಬಂದವು

1976ರ ಜೂನ್. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಕೇಂಬ್ರಿಡ್ಜ್. ಇಂಗ್ಲೆಂಡಿನದ್ದಲ್ಲ, ಬಾಸ್ಟನ್‌ಗೆ ಅಂಟಿಕೊಂಡಿರುವ ಕೇಂಬ್ರಿಡ್ಜ್. ಹಾರ್ವರ್ಡ್ ಇರೋದು ಅಲ್ಲೇ, ಎಂಐಟಿ ಇರೋದೂ ಅಲ್ಲೇ. ಅವತ್ತು ಸಿಟಿ ಕೌನ್ಸಿಲ್ ಸಭಾಂಗಣ ಕಿಕ್ಕಿರಿದಿತ್ತು. ದೊಡ್ಡ ದೊಡ್ಡ ಪ್ರೊಫೆಸರ್‌ಗಳನ್ನು ಕರೆಸಿ ಮೇಯರ್ ಆಲ್ಫ್ರೆಡ್ ವೆಲ್ಲುಚಿ ಪ್ರಶ್ನೆ ಕೇಳ್ತಿದ್ದರು. ಹಾರ್ವರ್ಡ್ ಒಂದು ಹೊಸ ಲ್ಯಾಬ್ ಕಟ್ಟಲು ಹೊರಟಿತ್ತು. ಒಂದು ಜೀವಿಯ ಜೀನ್ ಕತ್ತರಿಸಿ ಇನ್ನೊಂದಕ್ಕೆ ಸೇರಿಸುವ ಲ್ಯಾಬ್. ಅದರಿಂದ ಏನಾದರೂ ತಪ್ಪಿಸಿಕೊಂಡು ಹೊರಗೆ ಬಂದರೆ ಊರಿನ ಗತಿ ಏನು? ಪ್ರಶ್ನೆ ಇಷ್ಟೇ.

ವೆಲ್ಲುಚಿ ಸುಮ್ಮನೆ ಬಿಡುವ ಆಸಾಮಿ ಅಲ್ಲ. ಹಾರ್ವರ್ಡ್ ಜೊತೆ ಅವರದ್ದು ಹಳೇ ಜಗಳ. ಹಾರ್ವರ್ಡ್ ಅಂಗಳವನ್ನೇ ಕಾರ್ ಪಾರ್ಕಿಂಗ್ ಮಾಡಿಸ್ತೀನಿ ಅಂತ ಹಿಂದೆಯೇ ಬೆದರಿಸಿದ್ದರು. ಮರುವರ್ಷ, ಎಲ್ಲೋ ಕಿತ್ತಳೆ ಕಣ್ಣಿನ ವಿಚಿತ್ರ ಪ್ರಾಣಿ ಕಾಣಿಸಿಕೊಂಡಿತು ಅಂತ ಪತ್ರಿಕೆಯಲ್ಲಿ ಬಂದಾಗ, ಇದಕ್ಕೂ ಜೀನ್ ಪ್ರಯೋಗಕ್ಕೂ ಸಂಬಂಧ ಇದೆಯಾ ನೋಡಿ ಅಂತ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗೇ ಪತ್ರ ಬರೆದರು! ನಗಬೇಡಿ. ಇವತ್ತಾಗಿದ್ದರೆ ನಮ್ಮಂಥ ಚಾನೆಲ್‌ನವರು ಆ ಪ್ರಾಣಿಯ ಮೇಲೆ ಮೂರು ದಿನ ಸ್ಪೆಷಲ್ ಪ್ರೋಗ್ರಾಂ ಮಾಡ್ತಿದ್ದೆವು.

ಇನ್ನೊಂದು ವಿಷಯ. ಅದೇ 1976ರಲ್ಲಿ, ಅದೇ ಊರಿನ ಎಂಐಟಿಯಲ್ಲಿ, ಅವಿಭಜಿತ ಪಂಜಾಬಿನಲ್ಲಿ ಹುಟ್ಟಿದ ಹರ್‌ಗೋಬಿಂದ್ ಖೊರಾನಾ ಅವರ ತಂಡ, ಜೀವಕೋಶದೊಳಗೆ ಕೆಲಸ ಮಾಡುವ ಕೃತಕ ಜೀನ್ ಸಿದ್ಧವಾಗಿದೆ ಅಂತ ಪ್ರಕಟಿಸಿತು. ಒಂದು ಕಡೆ ವಿಜ್ಞಾನ ಓಡ್ತಾ ಇತ್ತು. ಇನ್ನೊಂದು ಕಡೆ ಊರು ನಿಲ್ಲಿಸಿ ಅಂತಿತ್ತು.

ಕೌನ್ಸಿಲ್ ಮೂರು ತಿಂಗಳ ತಡೆ ಹಾಕಿತು. ಆಮೇಲೆ ಇನ್ನೂ ಮೂರು ತಿಂಗಳು. ನನಗೆ ಮುಖ್ಯ ಅನಿಸೋದು ಈ ತಡೆಯ ಅವಧಿಯಲ್ಲಿ ನಡೆದ ಕೆಲಸ. ಒಂದು ನಾಗರಿಕ ಸಮಿತಿ ರಚಿಸಿದರು. ಅದರಲ್ಲಿ ಜೀನ್ ಸಂಶೋಧನೆ ಮಾಡುವವರು ಒಬ್ಬರೂ ಇರಲಿಲ್ಲ. ನರ್ಸ್ ಇದ್ದರು, ಎಂಜಿನಿಯರ್ ಇದ್ದರು, ಮನೆಗಳಿಗೆ ಉರುವಲು ಎಣ್ಣೆ ಮಾರುವ ವ್ಯಾಪಾರಿಯೇ ಅಧ್ಯಕ್ಷರು. ಇವರು ನೂರಕ್ಕೂ ಹೆಚ್ಚು ಗಂಟೆ ಕೂತು ಎರಡೂ ಕಡೆಯ ವಿಜ್ಞಾನಿಗಳನ್ನು ಕೇಳಿದರು, ಕಲಿತರು. 1977ರ ಜನವರಿಯಲ್ಲಿ ವರದಿ ಕೊಟ್ಟರು: ಮಾಡಿ, ಆದರೆ ಈ ಈ ಷರತ್ತಿನ ಮೇಲೆ. ಫೆಬ್ರವರಿಯಲ್ಲಿ ಅದು ನಗರದ ಕಾನೂನಾಯಿತು. 1981ರಲ್ಲಿ ಕಂಪನಿಗಳಿಗೂ ಅನ್ವಯಿಸಿತು.

ಇಷ್ಟು ಕಟ್ಟುನಿಟ್ಟು ಮಾಡಿದ ಊರಿಗೆ ಯಾವ ಕಂಪನಿ ಬರುತ್ತೆ ಅಂತೀರಾ? 1982ರಲ್ಲಿ ಬಯೋಜೆನ್ ಬಂತು. ಅದನ್ನು ಕಟ್ಟಿದವರಲ್ಲಿ ಒಬ್ಬರು ಹಾರ್ವರ್ಡ್‌ನ ವಾಲ್ಟರ್ ಗಿಲ್ಬರ್ಟ್, 1980ರ ನೊಬೆಲ್ ವಿಜೇತರು. ಲೆಕ್ಕ ಸರಳ. ಕಾನೂನು ಇಲ್ಲದ ಊರಿನಲ್ಲಿ ಕಟ್ಟಡ ಎದ್ದ ಮೇಲೆ ಜನ ಬೀದಿಗೆ ಇಳಿಯಬಹುದು. ಇಲ್ಲಿ ಏನು ಮಾಡಬೇಕು, ಏನು ಮಾಡಬಾರದು ಅನ್ನೋದು ಮೊದಲೇ ಬರೆದಿತ್ತು.

ಆದರೆ ಕಾನೂನು ಒಂದು ಊರಿನದು. ಪಕ್ಕದ ಊರಿನಲ್ಲಿ? ಜೆನೆಟಿಕ್ಸ್ ಇನ್‌ಸ್ಟಿಟ್ಯೂಟ್ ಎಂಬ ಕಂಪನಿ ನೆರೆಯ ಸಾಮರ್‌ವಿಲ್‌ನಲ್ಲಿ ಜಾಗ ನೋಡಿತು, ಜನ ಬೇಡ ಅಂದರು, ಅದು ಬಾಸ್ಟನ್‌ಗೆ ಹೋಯಿತು. ಪ್ರತಿ ಊರಿನಲ್ಲೂ ಪ್ರತಿ ಕಂಪನಿ ಒಂಟಿಯಾಗಿ ಹೋಗಿ ಮೊದಲಿನಿಂದ ಕಥೆ ಹೇಳಬೇಕು. ಹತ್ತು ಜನರ ಕಂಪನಿಗೆ ಇದು ಆಗುವ ಕೆಲಸವಾ? 1985ರಲ್ಲಿ ಮ್ಯಾಸಚೂಸೆಟ್ಸ್ ಬಯೋಟೆಕ್ನಾಲಜಿ ಕೌನ್ಸಿಲ್ ಹುಟ್ಟಿತು. ಈಗ ಎಲ್ಲರೂ ಮಾಸ್‌ಬಯೋ ಅಂತಾರೆ. ಈ ಉದ್ಯಮದ ಅತಿ ಹಳೆಯ ಸಂಘಗಳಲ್ಲಿ ಅದೂ ಒಂದು. ಇಡೀ ಅಮೆರಿಕದ ಸಂಘ ಬಯೋ ರೂಪುಗೊಂಡಿದ್ದೇ 1993ರಲ್ಲಿ.

ಸಂಘ ಏನು ಮಾಡುತ್ತೆ? ಮೊದಲನೆಯದು ಸಂತೆ ವ್ಯಾಪಾರದ ಬುದ್ಧಿ. ಲ್ಯಾಬ್‌ಗೆ ಗ್ಲೌಸ್, ಗ್ಯಾಸ್, ಕೆಮಿಕಲ್ ಬೇಕು. ಚಿಕ್ಕ ಕಂಪನಿ ಒಂಟಿಯಾಗಿ ಹೋದರೆ ರಿಯಾಯಿತಿ ಯಾರು ಕೊಡ್ತಾರೆ? ಸದಸ್ಯರೆಲ್ಲರ ಪರವಾಗಿ ಸಂಘವೇ ಚೌಕಾಸಿ ಮಾಡಿತು. ಇವತ್ತು ಸದಸ್ಯರು ಸಾವಿರಕ್ಕೂ ಹೆಚ್ಚು. 2001ರಲ್ಲಿ ಮಾಸ್‌ಬಯೋಎಡ್ ಎಂಬ ಪ್ರತಿಷ್ಠಾನ ಬಂತು, ಶಾಲೆಯ ವಿಜ್ಞಾನ ಮೇಷ್ಟ್ರುಗಳಿಗೆ ತರಬೇತಿ ಕೊಡೋಕೆ. 2008ರಲ್ಲಿ ಗವರ್ನರ್ ಡೆವಲ್ ಪ್ಯಾಟ್ರಿಕ್ ಹತ್ತು ವರ್ಷಕ್ಕೆ 100 ಕೋಟಿ ಡಾಲರ್‌ನ ಜೀವವಿಜ್ಞಾನ ಕಾನೂನಿಗೆ ಸಹಿ ಹಾಕಿದಾಗ, ಸಂಘ ಅದರ ಬೆನ್ನಿಗೆ ನಿಂತಿತ್ತು.

ನನಗೆ ಮಜಾ ಅನಿಸಿದ್ದು ಬಯೋರೆಡಿ ಅನ್ನುವ ಪಟ್ಟಿ. ಈ ಊರಿನಲ್ಲಿ ಲ್ಯಾಬ್‌ಗೆ ಜಾಗ ಮೀಸಲಿದೆಯಾ, ನೀರು ಒಳಚರಂಡಿ ಸರಿ ಇದೆಯಾ, ಪರವಾನಗಿ ಬೇಗ ಸಿಗುತ್ತಾ ಅಂತ ನೋಡಿ ಸಂಘ ಊರುಗಳಿಗೆ ದರ್ಜೆ ಕೊಡುತ್ತೆ. ಕಂಚು, ಬೆಳ್ಳಿ, ಚಿನ್ನ, ಪ್ಲಾಟಿನಂ. ಒಂದು ಕಾಲಕ್ಕೆ ಲ್ಯಾಬ್ ಬೇಡ ಅಂದ ರಾಜ್ಯದಲ್ಲಿ, ಈಗ ನಮ್ಮ ಊರಿಗೆ ಬೆಳ್ಳಿ ಯಾಕೆ, ಚಿನ್ನ ಬೇಕು ಅಂತ ಪೈಪೋಟಿ!

ಸಂಘ ಅಂದರೆ ಧರ್ಮಛತ್ರ ಅಂದುಕೊಳ್ಳಬೇಡಿ. ಅದು ಸದಸ್ಯರ ವಕೀಲ. ಔಷಧಿ ಬೆಲೆಗೆ ಸರ್ಕಾರ ಮಿತಿ ಹಾಕ್ತೀನಿ ಅಂದಾಗ ಅದು ಕಂಪನಿ ಪರ ಮಾತಾಡುತ್ತೆ, ರೋಗಿಯ ಜೇಬಿನ ಪರ ಅಲ್ಲ. ಕೇಂಬ್ರಿಡ್ಜ್‌ನಲ್ಲಿ ಮನೆ ಬಾಡಿಗೆ ಆಕಾಶ ಮುಟ್ಟಿದೆ. ಅದನ್ನೂ ನೋಡಬೇಕು.

ಈಗ ನಮ್ಮ ಊರಿಗೆ ಬನ್ನಿ. ಕರ್ನಾಟಕಕ್ಕೆ 2001ರಲ್ಲೇ ಬಯೋಟೆಕ್ ನೀತಿ ಬಂತು. ಏಬಲ್ ಎಂಬ ಉದ್ಯಮ ಸಂಘ 2003ರಲ್ಲಿ ಬೆಂಗಳೂರಿನಲ್ಲೇ ಆರಂಭವಾಯಿತು, ಮೊದಲ ಅಧ್ಯಕ್ಷೆ ಕಿರಣ್ ಮಜುಂದಾರ್ ಶಾ. ನೀತಿ ಇತ್ತು, ಸಂಘ ಇತ್ತು, ಕಂಪನಿಗಳಿದ್ದವು. 2010ರ ಫೆಬ್ರವರಿ 6ರಂದು ಕೇಂದ್ರ ಸಚಿವ ಜೈರಾಂ ರಮೇಶ್ ಬಿಟಿ ಬದನೆಯ ಸಾರ್ವಜನಿಕ ಸಭೆ ನಡೆಸಿದ್ದೂ ಬೆಂಗಳೂರಿನಲ್ಲೇ, ಏಳು ನಗರಗಳಲ್ಲಿ ಕೊನೆಯದು. ಧಾರವಾಡ ಕೃಷಿ ವಿಶ್ವವಿದ್ಯಾಲಯ ತಯಾರಿಸಿದ ಬಿಟಿ ತಳಿಗಳಲ್ಲಿ ನಮ್ಮ ಉಡುಪಿ ಗುಳ್ಳವೂ ಇತ್ತು. ರೈತರು, ವಿಜ್ಞಾನಿಗಳು, ಹೋರಾಟಗಾರರು, ಎಲ್ಲರಿಗೂ ಪ್ರಶ್ನೆ ಇತ್ತು. ಬಿಟಿ ಬದನೆ ಬೇಕಾ ಬೇಡವಾ ಅಂತ ನಾನು ಇಲ್ಲಿ ತೀರ್ಪು ಕೊಡ್ತಿಲ್ಲ. ಮೂರು ದಿನ ಬಿಟ್ಟು, ಫೆಬ್ರವರಿ 9ರಂದು ತಡೆ ಬಂತು. ಕೇಂಬ್ರಿಡ್ಜ್ ತಡೆಗೆ ಮೂರು ತಿಂಗಳು ಅಂತ ಅವಧಿ ಇತ್ತು, ಉತ್ತರ ಹುಡುಕೋಕೆ ಒಂದು ನಾಗರಿಕ ಸಮಿತಿ ಇತ್ತು. ನಮ್ಮ ತಡೆಗೆ ಅವಧಿಯನ್ನೇ ಹಾಕಲಿಲ್ಲ. 2013ರಲ್ಲಿ ಬಾಂಗ್ಲಾದೇಶ ಬಿಟಿ ಬದನೆಗೆ ಅನುಮತಿ ಕೊಟ್ಟು, ಮರುವರ್ಷ ರೈತರ ಕೈಗೆ ಸಸಿ ಕೊಟ್ಟಿತು. ಧಾರವಾಡದ ಗುಳ್ಳ ಮಾತ್ರ ಆ ಫೆಬ್ರವರಿಯಲ್ಲಿ ಎಲ್ಲಿತ್ತೋ ಅಲ್ಲೇ ಇದೆ. ಬೇಕು ಅಂತಲೂ ಇಲ್ಲ, ಬೇಡ ಅಂತಲೂ ಇಲ್ಲ.