ಹಿತ್ತಿಲ ಕೋಳಿಯ ಚರಿತ್ರೆ

ಚರಿತ್ರೆಯೆಂದೊಡನೆ ನಮ್ಮ ಮನಸ್ಸು ಅರಸರ ಕಡೆಗೂ ಕಾಳಗಗಳ ಕಡೆಗೂ ಶಾಸನಗಳ ಕಡೆಗೂ ಹರಿಯುವುದು ಸಹಜ. ಆದರೆ ಮನೆಯ ಹಿಂಬದಿಯಲ್ಲಿ ಮಣ್ಣು ಕೆದಕುತ್ತ ತಿರುಗುವ ಕೋಳಿಗೂ ಒಂದು ಚರಿತ್ರೆಯುಂಟು. ಬೆಂಗಳೂರಿನ ದಕ್ಷಿಣದಲ್ಲಿ ಜಯನಗರ, ಬನಶಂಕರಿ, ಜೆ. ಪಿ. ನಗರ, ಬಿ. ಟಿ. ಎಂ. ಬಡಾವಣೆಗಳ ನೆಟ್ಟನೆಯ ಬೀದಿಗಳ ನಡುವೆ ಯಡಿಯೂರು, ಸಾರಕ್ಕಿ, ಕತ್ರಿಗುಪ್ಪೆ, ಮಾರೇನಹಳ್ಳಿ, ಬೈರಸಂದ್ರ ಮೊದಲಾದ ಹಳೆಯ ಊರುಗಳ ಕಿರುಗಲ್ಲಿಗಳು ಇಂದಿಗೂ ಅಡಗಿಕೊಂಡಿವೆ. ನಸುಕಿನಲ್ಲಿ ಆ ಕಡೆಯಿಂದ ಹುಂಜದ ಕೂಗು ಒಮ್ಮೊಮ್ಮೆ ಕೇಳಿಬರುವುದುಂಟು. ಅದನ್ನು ಕೇಳಿ ಮೆಚ್ಚಿ, ತಮ್ಮ ಮನೆಯಲ್ಲಿಯೂ ನಾಲ್ಕು ಕೋಳಿಗಳಿರಲೆಂದು ತಂದು ಸಾಕತೊಡಗಿದ ಗೃಹಸ್ಥರು ಕೆಲವೇ ತಿಂಗಳುಗಳಲ್ಲಿ ಬೇಸತ್ತು ಕೈಬಿಡುವುದೂ ಉಂಟು. ಓದುಬರಹ ತಿಳಿಯದ ಹಳ್ಳಿಯ ಅಜ್ಜಿಗೆ ಸುಲಭವಾಗಿದ್ದ ಕೆಲಸವು ವಿದ್ಯಾವಂತರಾದ ನಮಗೆ ಏತಕ್ಕೆ ಇಷ್ಟು ಕಷ್ಟವಾಯಿತು? ಕೋಳಿ ಕೆಟ್ಟಿತೇ, ಸಾಕುವವರು ಕೆಟ್ಟರೇ? ಈ ಪ್ರಶ್ನೆಗೆ ಉತ್ತರವನ್ನು ಚರಿತ್ರೆಯಲ್ಲಿ ಹುಡುಕುವುದೇ ಪ್ರಕೃತ ಲೇಖನದ ಉದ್ದೇಶ.

ಮೊದಲು ಕೋಳಿಯ ವಂಶವನ್ನು ಸಂಕ್ಷೇಪವಾಗಿ ನೋಡೋಣ. ನಮ್ಮ ಮನೆಯ ಕೋಳಿ ಕೆಂಪು ಕಾಡುಕೋಳಿಯ ಸಂತತಿಯೆಂಬುದು ವಿದ್ವಾಂಸರ ನಿರ್ಣಯ. ಥಾಯ್ಲೆಂಡ್ ದೇಶದ ಬಾನ್ ನಾನ್ ವಾಟ್ ಎಂಬಲ್ಲಿ ದೊರೆತ, ಕ್ರಿ. ಪೂ. 1650ರಿಂದ 1250ರ ನಡುವಣ ಕಾಲದ ಎಲುಬುಗಳೇ ಸಾಕುಕೋಳಿಯ ಅತಿ ಪ್ರಾಚೀನವಾದ ನಿಸ್ಸಂದೇಹ ಕುರುಹುಗಳೆಂದು 2022ರಲ್ಲಿ ಪ್ರಕಟವಾದ ಸಂಶೋಧನೆ ಹೇಳುತ್ತದೆ. ಮಳೆಯನ್ನು ನಂಬಿ ಬೆಳೆದ ಬತ್ತ ನವಣೆಗಳ ಕಾಳಿಗೆ ಆಸೆಪಟ್ಟು ಈ ಹಕ್ಕಿ ಕಾಡಿನ ಮರಗಳಿಂದ ಇಳಿದು ಮನುಷ್ಯನ ಹತ್ತಿರಕ್ಕೆ ಬಂದಿತೆಂಬುದು ಅವರ ಅಭಿಪ್ರಾಯ. ನಮ್ಮ ನಾಡಿಗೂ ಈ ವಂಶಾವಳಿಯಲ್ಲಿ ಪಾಲುಂಟು. ಸಾಕುಕೋಳಿಯ ಹಳದಿಯ ಕಾಲು ಹಳದಿಯ ಚರ್ಮಗಳು ಬಂದುದು ಕೆಂಪು ಕಾಡುಕೋಳಿಯಿಂದಲ್ಲ, ಪಶ್ಚಿಮ ಘಟ್ಟದಲ್ಲಿಯೂ ದಕ್ಷಿಣದ ಇತರ ಕಾಡುಗಳಲ್ಲಿಯೂ ವಾಸಿಸುವ ಬೂದುಬಣ್ಣದ ಕಾಡುಕೋಳಿಯಿಂದ ಎಂಬುದು 2008ರಲ್ಲಿ ಸಿದ್ಧವಾಯಿತು. ಹೀಗೆ, ಮನುಷ್ಯನು ಕೋಳಿಯನ್ನು ಬಲೆ ಹಾಕಿ ತಂದನೆನ್ನುವುದಕ್ಕಿಂತ ಅವನ ಕಾಳು ಕೋಳಿಯನ್ನು ಕರೆತಂದಿತೆನ್ನುವುದು ಮೇಲು. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಏಕೆಂದರೆ ಮುಂದಿನ ಕಥೆಯೆಲ್ಲ ಚೆಲ್ಲಿದ ಕಾಳಿನ ಕಥೆಯೇ.

ಹಳೆಯ ಊರಿನಲ್ಲಿ ಕೋಳಿ ಸಾಕುವುದೆಂದರೆ ವಾಸ್ತವವಾಗಿ ಕೋಳಿಯನ್ನು ಊರಿಗೆ ಒಪ್ಪಿಸುವುದಾಗಿತ್ತು. ಕಣದಲ್ಲಿ ಚೆಲ್ಲಿದ ರಾಗಿ, ಒರಳಿನ ಸುತ್ತಲಿನ ನುಚ್ಚು, ತಿಪ್ಪೆಯ ಹುಳುಹುಪ್ಪಟೆ, ಬೇಲಿಯ ಸೊಪ್ಪು ಇವೇ ಅದರ ಆಹಾರ. ಇದಕ್ಕಾಗಿ ಮನೆಯವರು ಒಂದು ಕಾಸನ್ನೂ ವೆಚ್ಚ ಮಾಡುತ್ತಿರಲಿಲ್ಲ. ಗಿಡುಗನ ನೆರಳು ಕಂಡರೆ ಮರಿಗಳು ನುಗ್ಗುವುದಕ್ಕೆ ಕಳ್ಳಿಯ ಬೇಲಿಯಿತ್ತು. ಇರುಳಿನಲ್ಲಿ ಮಂಕರಿಯನ್ನು ಕವುಚಿ ಮೇಲೊಂದು ಕಲ್ಲು ಹೇರಿದರೆ ಕಾವಲು ಮುಗಿಯಿತು. ಹೇಂಟೆ ಒಂದು ಸುತ್ತು ಮೊಟ್ಟೆಯಿಟ್ಟು ಕಾವಿಗೆ ಬಂದಾಗ ಹತ್ತು ಹನ್ನೆರಡು ಮೊಟ್ಟೆಗಳ ಮೇಲೆ ಕೂರಿಸಿದರೆ, 21 ದಿನಗಳಲ್ಲಿ ಮರಿಗಳನ್ನು ತಾನೇ ಒಡೆಸಿ, ರೆಕ್ಕೆಯಡಿಯಲ್ಲಿ ಬೆಚ್ಚಗಿಟ್ಟು, ಕೆದಕುವುದನ್ನು ಕಲಿಸಿ, ಬೆಕ್ಕಿನ ಮೇಲೆ ಬಿದ್ದು ಕಾಪಾಡುತ್ತಿತ್ತು. ಮೊಟ್ಟೆ ಮಾರಿದ ಚಿಲ್ಲರೆ ಬಹುಮಟ್ಟಿಗೆ ಮನೆಯ ಹೆಂಗಸರ ಕೈಯಲ್ಲಿಯೇ ಉಳಿಯುತ್ತಿತ್ತು. 1809ರಲ್ಲಿ ಬೆಂಗಳೂರಿನಲ್ಲಿ ದಂಡು ನೆಲೆಗೊಂಡಿತು. ಸೈನ್ಯವೂ ಅದರ ಪರಿವಾರವೂ ಇಳಿದ ಕಡೆಯಲ್ಲಿ ಮೊಟ್ಟೆಗೂ ಮಾಂಸಕ್ಕೂ ಬೇಡಿಕೆ ಬೆಳೆಯುವುದು ಸಹಜವಷ್ಟೆ.

ಹುಂಜಗಳ ಗತಿಯೇನು? ಒಡೆದ ಮರಿಗಳಲ್ಲಿ ಸರಿಸುಮಾರು ಅರ್ಧ ಗಂಡು. ಹಳ್ಳಿಯಲ್ಲಿ ಅವು ಮಾರಿಹಬ್ಬಕ್ಕೂ, ಯುಗಾದಿಯ ಮಾರನೆಯ ದಿನದ ಹೊಸತೊಡಕಿಗೂ, ಬೀಗರ ಔತಣಕ್ಕೂ ಸಲ್ಲುತ್ತಿದ್ದವು. ಇದನ್ನು ಒಪ್ಪದವರೂ ನಮ್ಮ ನಾಡಿನಲ್ಲಿ ಬಹು ಹಿಂದಿನಿಂದಲೇ ಇದ್ದರು. ಕ್ರಿ. ಶ. 1209ರಲ್ಲಿ ಜನ್ನನು ರಚಿಸಿದ ಯಶೋಧರ ಚರಿತೆಯಲ್ಲಿ, ಜೀವವುಳ್ಳ ಕೋಳಿಯನ್ನಲ್ಲ, ಹಿಟ್ಟಿನ ಕೋಳಿಯನ್ನು ಬಲಿಗೊಟ್ಟ ಮಾತ್ರಕ್ಕೆ ತಾಯಿಮಕ್ಕಳು ಹಲವು ಪ್ರಾಣಿಜನ್ಮಗಳನ್ನು ಎತ್ತಬೇಕಾಗಿ ಬಂದು, ಕಡೆಗೆ ತಾವೂ ಕೋಳಿಗಳಾಗಿ ಹುಟ್ಟಿದರೆಂದು ಕಥೆ. ಕೋಳಿಯ ಪ್ರಾಣಕ್ಕೆ ಹೊಣೆ ಯಾರೆಂಬ ಪ್ರಶ್ನೆ ಎಂಟುನೂರು ವರ್ಷಗಳಿಂದ ನಮ್ಮ ಸಾಹಿತ್ಯದಲ್ಲಿದೆ. ಅದು ಇಂದು ಬಡಾವಣೆಯ ಗೃಹಸ್ಥನ ಹಿತ್ತಿಲಿಗೂ ಬಂದು ನಿಂತಿದೆಯೆಂಬುದನ್ನು ಮುಂದೆ ಕಾಣುವೆವು.

ಇನ್ನು ಊರು ಬಡಾವಣೆಯಾದ ವೃತ್ತಾಂತ. 1898ರ ಪ್ಲೇಗಿನ ಹಾವಳಿಯಾದ ಮೇಲೆ ಬಸವನಗುಡಿಯೂ ಮಲ್ಲೇಶ್ವರವೂ ಗಾಳಿಬೆಳಕುಗಳುಳ್ಳ ಹೊಸ ಬಡಾವಣೆಗಳಾಗಿ ಬೆಳೆದುವು. ಮಾರಿಯಿಂದ ಪಾರಾಗಲು ಕಟ್ಟಿದ ಊರಿನಲ್ಲಿ ತಿಪ್ಪೆಗೆ ಎಡೆಯಿರಲಿಲ್ಲ, ಇರಬಾರದೂ ಆಗಿತ್ತು. 1948ರಲ್ಲಿ ಜಯನಗರಕ್ಕೆ ಅಡಿಗಲ್ಲು ಬಿದ್ದಿತು. ಅನಂತರ ಬನಶಂಕರಿಯ ಹಂತಗಳೂ, ಜಯಪ್ರಕಾಶ ನಾರಾಯಣರ ಹೆಸರನ್ನು ಹೊತ್ತ ನಗರವೂ, ಬೈರಸಂದ್ರ ತಾವರೆಕೆರೆ ಮಡಿವಾಳಗಳ ಮೊದಲಕ್ಷರಗಳನ್ನು ಕೂಡಿಸಿ ಹೆಸರು ಪಡೆದ ಬಡಾವಣೆಯೂ ಒಂದರ ಹಿಂದೊಂದು ಬಂದುವು. ಹೊಲಗಳು ಅಳತೆಯ ನಿವೇಶನಗಳಾದುವು. 30 ಅಡಿ ಅಗಲ 40 ಅಡಿ ಉದ್ದದ ನಿವೇಶನದಲ್ಲಿ ಮನೆಯೊಂದು ನಿಂತ ಮೇಲೆ ಹಿತ್ತಿಲೆಂಬುದು ಬಟ್ಟೆ ಒಗೆಯುವ ಕಲ್ಲಿಗೆ ಸಾಕಾಗುವಷ್ಟು ಮಾತ್ರ ಉಳಿಯಿತು. ನೆಲಕ್ಕೆ ಸಿಮೆಂಟಿನ ಗಾರೆ ಬಿದ್ದಿತು. ಕಣ, ತಿಪ್ಪೆ, ಬೇಲಿ ಮೂರೂ ಮಾಯವಾದುವು. ಊರು ಕೋಳಿಗೆ ಕೊಡುತ್ತಿದ್ದುದನ್ನೆಲ್ಲ ಇನ್ನು ಸಾಕುವವನೇ ತನ್ನ ಕೈಯಿಂದ ಕೊಡಬೇಕಾಯಿತು. ಇಂದಿನ ಕಷ್ಟಗಳ ಮೂಲ ಇಲ್ಲಿದೆ.

ಇದೇ ಕಾಲದಲ್ಲಿ ಕೋಳಿಗೆ ಹೊಸದೊಂದು ಮಾರಿ ತಗುಲಿತು. 1926ರಲ್ಲಿ ಜಾವಾ ದ್ವೀಪದಲ್ಲಿಯೂ ಇಂಗ್ಲೆಂಡಿನ ನ್ಯೂಕ್ಯಾಸಲ್ ಪಟ್ಟಣದ ಬಳಿಯಲ್ಲಿಯೂ ಗುರುತಿಸಲ್ಪಟ್ಟ ರೋಗವು ಒಂದೆರಡು ವರ್ಷಗಳಲ್ಲಿಯೇ ಹಿಮಾಲಯದ ರಾಣಿಖೇತಿನಲ್ಲಿ ಕಂಡುಬಂದು, ನಮ್ಮ ದೇಶದಲ್ಲಿ ಆ ಊರಿನ ಹೆಸರನ್ನೇ ಪಡೆಯಿತು. ಕನ್ನಡದಲ್ಲಿ ಇದನ್ನು ಕೊಕ್ಕರೆ ರೋಗವೆನ್ನುವರು. ಕೋಳಿ ತೂಕಡಿಸುವುದು, ಬಾಯ್ದೆರೆದು ಏದುವುದು, ಹಸುರು ಹಿಕ್ಕೆ ಹಾಕುವುದು, ಕತ್ತು ತಿರುಚಿಕೊಳ್ಳುವುದು ಇದರ ಲಕ್ಷಣ. ತಗುಲಿದರೆ ಎರಡು ಮೂರು ದಿನಗಳಲ್ಲಿ ಗೂಡು ಬರಿದಾಗಬಹುದು. ಇದಕ್ಕೆ ಔಷಧವಿಲ್ಲ, ಲಸಿಕೆಯೊಂದೇ ಕಾಪು. 1940ರ ದಶಕದಲ್ಲಿ ಮುಕ್ತೇಶ್ವರದ ಪಶುವೈದ್ಯ ಸಂಶೋಧನಾಲಯದಲ್ಲಿ ಇದಕ್ಕೊಂದು ಲಸಿಕೆ ಸಿದ್ಧವಾಯಿತು. ಇಂದು ಮರಿಗೆ ಒಂದು ವಾರವಾಗುವಷ್ಟರಲ್ಲಿ ಕಣ್ಣಿಗೋ ಮೂಗಿಗೋ ಒಂದು ಹನಿ, ಮುಂದೆ ಎಂಟು ವಾರಗಳ ಸುಮಾರಿಗೆ ಚುಚ್ಚುಮದ್ದು ಎಂಬ ಕ್ರಮವುಂಟು. ಆದರೆ ಅಲ್ಪಸ್ವಲ್ಪ ಸಾಕುವವನ ಸಂಕಟ ಬೇರೆ. ಲಸಿಕೆಯ ಸೀಸೆ ದೊರೆಯುವುದು ನೂರಾರು ಕೋಳಿಗಳಿಗೆಂದು. ಅವನ ಬಳಿಯಿರುವುದು ಐದು. ಅದನ್ನು ತಣ್ಣಗೆ ಇಟ್ಟು ತರಬೇಕು, ಕಲಸಿದ ಮೇಲೆ ಒಂದೆರಡು ಗಂಟೆಗಳಲ್ಲಿ ಮುಗಿಸಬೇಕು. ಆದುದರಿಂದ ನಾಲ್ಕಾರು ಮನೆಯವರು ಕೂಡಿ ಒಂದೇ ದಿನ ಹಾಕಿಸುವುದು ಬುದ್ಧಿವಂತಿಕೆ. ಹೊಸದಾಗಿ ತಂದ ಕೋಳಿಯನ್ನು ಎರಡು ಮೂರು ವಾರ ಬೇರೆಯಾಗಿಡುವುದೂ ಅಷ್ಟೇ ಅವಶ್ಯಕ. ಸಂತೆಯಿಂದ ಬಂದ ಒಂದು ಕೋಳಿಯಿಂದ ಮನೆಯ ಕೋಳಿಗಳೆಲ್ಲ ಹಾಳಾದ ಸಂಗತಿ ಸಾಕುವವರೆಲ್ಲರಿಗೂ ಗೊತ್ತು.

ಮೂರನೆಯ ಮಾತು ತಳಿಯದು. ಕಾಡುಕೋಳಿ ವರ್ಷಕ್ಕೆ ಹತ್ತು ಹನ್ನೆರಡು ಮೊಟ್ಟೆಯಿಟ್ಟರೆ, ನಾಟಿಕೋಳಿ ಅರುವತ್ತು ಎಪ್ಪತ್ತು ಇಡುವುದು, ಬಿಳಿ ಲೆಗ್‌ಹಾರ್ನ್ ಮುನ್ನೂರರ ಹತ್ತಿರಕ್ಕೆ ಹೋಗುವುದು. ಈ ಲೆಗ್‌ಹಾರ್ನ್ ಪಂಜರಕ್ಕೆ ಸಲ್ಲುವ ಹಕ್ಕಿ, ಹಿತ್ತಿಲಿಗಲ್ಲ. ಈ ಎರಡರ ನಡುವೆ ದಾರಿ ಹುಡುಕಿದವರು ಬೆಂಗಳೂರಿನ ಉತ್ತರಕ್ಕಿರುವ ಹೆಬ್ಬಾಳದ ಪಶುವೈದ್ಯ ಕಾಲೇಜಿನ ವಿದ್ವಾಂಸರು. ಅದು ಕೃಷಿ ವಿಶ್ವವಿದ್ಯಾನಿಲಯಕ್ಕೆ ಸೇರಿದ್ದ ಕಾಲದಲ್ಲಿ, 1989ರಲ್ಲಿ, ಗಿರಿರಾಜವೂ, ತರುವಾಯ 2005ರಲ್ಲಿ ಸ್ವರ್ಣಧಾರೆಯೂ ಹೊರಬಂದುವು. ನಾಟಿಕೋಳಿಯಂತೆ ಬಣ್ಣಬಣ್ಣದ ಪುಕ್ಕ, ಕೆದಕಿ ತಿನ್ನುವ ಸ್ವಭಾವ, ಮೈತುಂಬಿದ ಬೆಳವಣಿಗೆ ಗಿರಿರಾಜದ ಗುಣಗಳು; ವರ್ಷಕ್ಕೆ ಸುಮಾರು 130ರಿಂದ 150 ಮೊಟ್ಟೆ. ಸ್ವರ್ಣಧಾರೆಯ ಮೊಟ್ಟೆ ಇನ್ನೂ ಹೆಚ್ಚು. ಇವು ಹಿತ್ತಿಲಿಗೆಂದೇ ರೂಪುಗೊಂಡ ತಳಿಗಳು. ಕನ್ನಡನಾಡು ಇವುಗಳಿಗಾಗಿ ಹೆಮ್ಮೆಪಡಬಹುದು. ಆದರೂ ಮೊಟ್ಟೆ ಹೆಚ್ಚಿದಷ್ಟೂ ತಾಯ್ತನ ಕುಗ್ಗುವುದು ಪ್ರಕೃತಿಯ ಲೆಕ್ಕ. ಕಾವು ಕೂತ ಹೇಂಟೆ ಮೊಟ್ಟೆಯಿಡದು, ಮೊಟ್ಟೆಗಾಗಿ ಆರಿಸಿದ ಹೇಂಟೆ ಕಾವು ಕೂರದು. ಆಗ ದಿನದ ಮರಿಯನ್ನು ಕೊಂಡು ತಂದವನು ತಾನೇ ತಾಯಿಯಾಗಬೇಕು. ಮೊದಲ ವಾರಗಳಲ್ಲಿ ರಟ್ಟಿನ ಪೆಟ್ಟಿಗೆಯಲ್ಲಿ ದೀಪದ ಬಿಸಿ ಕೊಡಬೇಕು. ಮರಿಗಳು ಒತ್ತೊತ್ತಾಗಿ ಚೀರಿದರೆ ಚಳಿ, ಮೂಲೆಗೆ ಸರಿದು ಬಾಯಿ ತೆರೆದರೆ ಸೆಕೆಯೆಂದು ತಿಳಿದುಕೊಳ್ಳಬೇಕು. ಡಿಸೆಂಬರ್ ಜನವರಿಗಳ ಬೆಂಗಳೂರಿನ ರಾತ್ರಿಯಲ್ಲಿ ವಿದ್ಯುತ್ತು ನಿಂತರೆ ಎದ್ದು ಕೂರಬೇಕು. ಒಂದು ನಾಟಿ ಹೇಂಟೆ ಕೂಲಿಯಿಲ್ಲದೆ ಮಾಡುತ್ತಿದ್ದ ಕೆಲಸದ ಬೆಲೆ ಆ ರಾತ್ರಿ ತಿಳಿಯುವುದು.

ಈಗ ದಿನನಿತ್ಯದ ಕಷ್ಟಗಳ ಮೇಲೆ ಕಣ್ಣೋಡಿಸಿದರೆ, ಪ್ರತಿಯೊಂದರ ಹಿಂದೆಯೂ ಕಳೆದುಹೋದ ಊರಿನ ಒಂದು ಭಾಗ ಕಾಣುತ್ತದೆ. ಕಣ ಹೋದುದರಿಂದ ಒಂದು ಹೇಂಟೆಗೆ ದಿನಕ್ಕೆ 100ರಿಂದ 120 ಗ್ರಾಂ ಆಹಾರವನ್ನು ಕೊಂಡು ಹಾಕಬೇಕು. ಅನ್ನ, ತರಕಾರಿಯ ಸಿಪ್ಪೆಗಳನ್ನು ನಂಬಿದರೆ ಸಾಲದು. ಮೊಟ್ಟೆಯ ಚಿಪ್ಪು ಬಹುತೇಕ ಸುಣ್ಣವೇ ಆದುದರಿಂದ ಸುಣ್ಣದ ಕಲ್ಲಿನ ಪುಡಿ ಇಲ್ಲವೆ ಕಪ್ಪೆಚಿಪ್ಪಿನ ಚೂರು ಬೇಕು. ತಿಪ್ಪೆ ಹೋದುದರಿಂದ ಹಿಕ್ಕೆಗೆ ಎಡೆಯಿಲ್ಲ. ಐದು ಹೇಂಟೆಗಳಿಂದ ದಿನಕ್ಕೆ ಅರ್ಧ ಕಿಲೋಗ್ರಾಮಿಗೆ ಕಡಮೆಯಿಲ್ಲದ ಹಿಕ್ಕೆ ಬೀಳುವುದು. ಒಣಗಿದ ಎಲೆ, ಮರದ ಹೊಟ್ಟುಗಳಲ್ಲಿ ಬೆರಸಿ ಗೊಬ್ಬರ ಮಾಡದಿದ್ದರೆ ಮಳೆಗಾಲದಲ್ಲಿ ನೊಣವೂ ನಾತವೂ ನೆರೆಯವರ ಜಗಳವೂ ಒಟ್ಟಿಗೆ ಬರುವುವು. ಬೇಲಿ ಹೋದುದರಿಂದ ಹಗಲಿನಲ್ಲಿ ಹದ್ದು, ಬೀದಿನಾಯಿ, ಇರುಳಿನಲ್ಲಿ ಬೆಕ್ಕು, ಹೆಗ್ಗಣ, ತುರಹಳ್ಳಿಯ ಕಾಡಿನ ಕಡೆಯಲ್ಲಿ ಮುಂಗುಸಿ. ಕೋಳಿಜಾಲರಿ ಕೋಳಿಯನ್ನು ಒಳಗಿಡುವುದೇ ಹೊರತು ನಾಯಿಯನ್ನು ಹೊರಗಿಡದು. ಬಲವಾದ ಸಣ್ಣ ಕಣ್ಣಿನ ಕಬ್ಬಿಣದ ಜಾಲರಿಯೂ, ಹೆಗ್ಗಣ ತೋಡದಂತೆ ನೆಲದೊಳಕ್ಕೆ ಇಳಿಬಿಟ್ಟ ಅಂಚೂ ಅಗತ್ಯ. ಇವೆಲ್ಲದರ ಮೇಲೆ ಹಕ್ಕಿಜ್ವರದ ಭಯ. 2012ರ ಅಕ್ಟೋಬರಿನಲ್ಲಿ ಹೆಸರಘಟ್ಟದ ಕೇಂದ್ರಸರ್ಕಾರದ ಕೋಳಿಸಾಕಣೆ ಕೇಂದ್ರದಲ್ಲಿಯೇ ಅದು ಕಾಣಿಸಿಕೊಂಡು ಸಾವಿರಾರು ಹಕ್ಕಿಗಳನ್ನು ಕೊಲ್ಲಬೇಕಾಯಿತು. ಒಟ್ಟೊಟ್ಟಿಗೆ ಕೋಳಿಗಳು ಸತ್ತರೆ ಬರಿಗೈಯಲ್ಲಿ ಮುಟ್ಟದೆ, ಗುಟ್ಟು ಮಾಡದೆ, ಪಶುವೈದ್ಯರಿಗೆ ತಿಳಿಸುವುದು ನಾಗರಿಕನ ಧರ್ಮ.

ಕಡೆಯದು ಹುಂಜದ ಪ್ರಶ್ನೆ. ಮೊಟ್ಟೆಗೆ ಹುಂಜ ಬೇಕಿಲ್ಲ, ಮರಿಗೆ ಮಾತ್ರ ಬೇಕು. ಆದುದರಿಂದ ಬಡಾವಣೆಯಲ್ಲಿ ಹುಂಜವಿಲ್ಲದೆ ಸಾಕುವುದೇ ನೆರೆಯವರ ನಿದ್ರೆಗೂ ಸ್ನೇಹಕ್ಕೂ ಹಿತ. ಹೀಗೆ ಕೂಗನ್ನು ತಪ್ಪಿಸಿಕೊಳ್ಳಬಹುದೇ ಹೊರತು ಹೊಣೆಯನ್ನು ತಪ್ಪಿಸಿಕೊಳ್ಳಲಾಗದು. ಕೊಂಡು ತಂದ ಪ್ರತಿಯೊಂದು ಹೇಂಟೆಯ ಜೊತೆಗೆ ಎಲ್ಲಿಯೋ ಒಂದು ಹುಂಜವೂ ಹುಟ್ಟಿತ್ತು. ಮೊಟ್ಟೆಯ ತಳಿಗಳ ಗಂಡುಮರಿಗಳನ್ನು ದೊಡ್ಡ ಕಾರ್ಖಾನೆಗಳಲ್ಲಿ ಹುಟ್ಟಿದ ದಿನವೇ ಕೊಲ್ಲುವುದುಂಟು. ಅಲ್ಲದೆ, ಎರಡು ಮೂರು ವರ್ಷಗಳಾದ ಮೇಲೆ ಮೊಟ್ಟೆ ಕಡಮೆಯಾದ ಹೇಂಟೆ ಇನ್ನೂ ನಾಲ್ಕೈದು ವರ್ಷ ಬದುಕಬಲ್ಲದು. ತಿನ್ನುವ ಮನೆಯವರಿಗೆ ಇದಕ್ಕೊಂದು ಉತ್ತರವುಂಟು. ತಿನ್ನದ ಮನೆಯವರು ಮುದಿಕೋಳಿಯನ್ನು ಮತ್ತೊಬ್ಬರಿಗೆ ಕೊಟ್ಟು, ಮುಂದೇನಾಯಿತೆಂದು ಕೇಳದೆ ಇರುವುದು ಉತ್ತರವಲ್ಲ. ಜನ್ನನ ಕಥೆ ಹಿಟ್ಟಿನ ಕೋಳಿಯ ಮುಂದೆ ಎತ್ತಿದ ಪ್ರಶ್ನೆ ಇದೇ ಅಲ್ಲವೆ? ಮೊದಲ ಮರಿಯನ್ನು ತರುವುದಕ್ಕೆ ಮುಂಚೆಯೇ ಮನೆಯವರೆಲ್ಲ ಕುಳಿತು ಇದನ್ನು ನಿರ್ಣಯಿಸಿಕೊಳ್ಳಬೇಕು.

ಆದಕಾರಣ ನಾವು ಮೊದಲು ಕೇಳಿದ ಪ್ರಶ್ನೆಗೆ ಉತ್ತರವಿಷ್ಟೆ. ಕೋಳಿ ಕೆಡಲಿಲ್ಲ, ಸಾಕುವವರೂ ಕೆಡಲಿಲ್ಲ. ಅಜ್ಜಿಯು ಒಬ್ಬಳೇ ಸಾಕುತ್ತಿರಲಿಲ್ಲ, ಅವಳೊಡನೆ ಇಡೀ ಊರೇ ಸಾಕುತ್ತಿತ್ತು. ತನ್ನ ಕೋಳಿ ಕೂಗದಿದ್ದರೆ ಊರಿಗೆ ಬೆಳಗಾಗದೆಂದು ನಂಬಿದ್ದ ಮುದುಕಿಯ ಕಥೆಯನ್ನು ಹೇಳಿ ನಾವು ನಗುತ್ತೇವೆ. ಆ ಮುದುಕಿಗೆ ತಿಳಿಯದಿದ್ದುದು, ಊರಿಲ್ಲದಿದ್ದರೆ ತನ್ನ ಕೋಳಿಯೂ ಇಲ್ಲವೆಂಬುದು. ಆ ಊರನ್ನು ಮರಳಿ ತರಲು ನಮ್ಮಿಂದಾಗದು. ಅದರ ಕೆಲಸವನ್ನು ಪ್ರತಿದಿನ ಎರಡು ಹೊತ್ತು ನಮ್ಮ ಕೈಯಿಂದ ಮಾಡಲು ಬಿಡುವೂ ಮನಸ್ಸೂ ಇದ್ದವರು ಮೂರೋ ನಾಲ್ಕೋ ಹೇಂಟೆಗಳನ್ನು ಸುಖವಾಗಿ ಸಾಕಬಹುದು. ಇಲ್ಲದವರು ಸಾರಕ್ಕಿಯ ಗಲ್ಲಿಯ ಹುಂಜದ ಕೂಗನ್ನು ದೂರದಿಂದ ಕೇಳಿ ಸಂತೋಷಪಡುವುದು ಲೇಸು.